ಒಂದೇ ಬೆರಳಿಟ್ಟು ತೋರಿಸಿ

"ಸೊಂಟ ನೋವು ಮೇಡಂ" ಎಂದು ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: "ಒಂದೇ ಬೆರಳಿಟ್ಟು ತೋರಿಸಿ, ಎಲ್ಲಿ?"

ನಮ್ಮಲ್ಲಿ ಸೊಂಟ ಅಂದರೆ ಯಾವ ಜಾಗವೂ ಆಗಬಹುದು. ಒಬ್ಬರು ಬೆನ್ನಿನ ಬುಡಕ್ಕೆ ಕೈ ಇಡುತ್ತಾರೆ, ಇನ್ನೊಬ್ಬರು ಕುಂಡಿಗೆ, ಮತ್ತೊಬ್ಬರು ಪಕ್ಕದ ಚಪ್ಪೆಗೆ. ಹುಬ್ಬಳ್ಳಿ ಕಡೆಯವರು ಟೊಂಕ ಅಂದರೆ ಅದು ಹೆಚ್ಚಿನಂಶ ಬೆನ್ನೇ. ತೊಡೆಮೂಳೆಯ ಗುಂಡು ತಲೆ ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದಲ್ಲ, ಆ ಸೊಂಟದ ಕೀಲು ಕೆಟ್ಟರೆ ನೋವು ಸಾಮಾನ್ಯವಾಗಿ ಮುಂದೆ, ತೊಡೆಸಂದಿಯಲ್ಲಿ ಕಾಣಿಸುತ್ತದೆ. ಅಲ್ಲಿಗೆ ಬೆರಳಿಡಲು ಜನಕ್ಕೆ ನಾಚಿಕೆ. ಹೆಂಗಸರಂತೂ "ಇಲ್ಲೆಲ್ಲೋ" ಎಂದು ತೊಡೆ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಾರೆ. ಆ ಒಂದು ನಾಚಿಕೆಯಿಂದ ತಿಂಗಳುಗಟ್ಟಲೆ ಬೆನ್ನಿಗೆ ಶಾಖ ಕೊಡಿಸಿಕೊಂಡವರನ್ನು ಕಂಡಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಎಡವಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ 18 ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. 46ನೇ ವಯಸ್ಸಿಗೆ ನನ್ನದೇ ಬಲ ಚಪ್ಪೆ ಹಿಡಿಯಿತು. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ಎರಡು ಗಂಟೆಗೆ ಎಚ್ಚರ. ಮೆಟ್ಟಿಲು ಹತ್ತುವಾಗ ಪಕ್ಕದ ಮೂಳೆಗುಬ್ಬಿನ ಮೇಲೆ ಚುಳುಕ್. ಸಯಾಟಿಕಾ, ಅಂದರೆ ಬೆನ್ನಿನಿಂದ ಕಾಲಿಗಿಳಿಯುವ ನರದ ನೋವು ಇರಬೇಕೆಂದು ನಾನೇ ತೀರ್ಮಾನಿಸಿ, ಮಂಡಿಯನ್ನು ಎದುರು ಭುಜದತ್ತ ಎಳೆದು ಹಿಡಿಯುವ ಸ್ಟ್ರೆಚ್ ದಿನಕ್ಕೆರಡು ಹೊತ್ತು ಮಾಡಿದೆ. ಮೂರು ವಾರದಲ್ಲಿ ನೋವು ಇಮ್ಮಡಿಯಾಯಿತು.

ನನ್ನನ್ನು ಒಂಟಿ ಕಾಲ ಮೇಲೆ ಅರ್ಧ ನಿಮಿಷ ನಿಲ್ಲಿಸಿ ನೋಡಿದ್ದು ಸಹೋದ್ಯೋಗಿ. ಆ ಗುಬ್ಬಿನ ಮೇಲೆಯೇ ನೋವು ಬಂತು. ನರದ್ದೂ ಅಲ್ಲ, ಕೀಲಿನದ್ದೂ ಅಲ್ಲ. ಕುಂಡಿಯ ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜು ಕೆಟ್ಟಿತ್ತು. ನಲವತ್ತು ದಾಟಿದ ಹೆಂಗಸರಲ್ಲಿ ಇದು ಬಹಳ. ಕಾಲನ್ನು ಅಡ್ಡಕ್ಕೆ ಎಳೆದಷ್ಟೂ ಆ ರಜ್ಜು ಮೂಳೆಗೆ ಒತ್ತಿ ಇನ್ನಷ್ಟು ಕೆಡುತ್ತದೆ. ನಾನು ಶ್ರದ್ಧೆಯಿಂದ ಮಾಡಿದ್ದು ಅದನ್ನೇ!

ಸ್ಟ್ರೆಚ್ ಬಿಟ್ಟೆ. ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ಬಿಟ್ಟೆ. ಒಂದೇ ಕಾಲಿಗೆ ಭಾರ ಕೊಟ್ಟು ಚಪ್ಪೆ ಓರೆ ಮಾಡಿ ಒಲೆ ಮುಂದೆ ನಿಲ್ಲುವ ಅಭ್ಯಾಸ ಬಿಡಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎಡಮಗ್ಗುಲಾಗಿ, ಮಂಡಿಗಳ ನಡುವೆ ದಪ್ಪ ದಿಂಬಿಟ್ಟು ಮಲಗಿದೆ. ವ್ಯಾಯಾಮ ಅಂದರೆ, ಗೋಡೆಗೆ ಬಲಪಕ್ಕ ಕೊಟ್ಟು ನಿಂತು, ಮಂಡಿಯ ಹೊರಬದಿಯಿಂದ ಗೋಡೆಯನ್ನು 30 ಸೆಕೆಂಡು ಒತ್ತುವುದು, ಹೀಗೆ ಐದು ಸಲ. ಕಾಲು ಅಲುಗುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಆಮೇಲೆ ಅಂಗಾತ ಮಲಗಿ ಸೊಂಟ ಎತ್ತುವುದು, ಕೊನೆಗೆ ಒಂದು ಮೆಟ್ಟಿಲು ಹತ್ತಿ ಇಳಿಯುವುದು. ನಿದ್ದೆ ಸರಿಯಾಗಲು ಆರು ವಾರ, ಮೆಟ್ಟಿಲಿಗೆ ನಾಲ್ಕು ತಿಂಗಳು ಹಿಡಿಯಿತು.

ಇಂಥ ಪಕ್ಕದ ನೋವಿಗೆ ಗಾಬರಿ ಬೇಡ, ಒಂದು ತಿಂಗಳು ಹೀಗೆ ಜೋಪಾನ ಮಾಡಿ ನೋಡಬಹುದು. ತೊಡೆಸಂದಿಯ ನೋವಿಗೆ ನಾನು ಅಷ್ಟು ಸಮಯ ಕೊಡುವುದಿಲ್ಲ.

ಅಡಿಕೆ ಕೊನೆ ಕೊಯ್ಯುವ ಒಬ್ಬರು ಬಂದಿದ್ದರು, ಮೂವತ್ತೆಂಟರ ಗಟ್ಟಿ ಆಳು. ದೂರು ಬಲ ಮಂಡಿಯದು. ಎರಡು ಕಡೆ ಮಂಡಿಯ ಎಕ್ಸ್‌ರೇ ತೆಗೆಸಿದ್ದರು, ಎರಡೂ ಚೊಕ್ಕ. ಅಂಗಾತ ಮಲಗಿಸಿ, ಮಂಡಿ ಮಡಿಸಿ, ಪಾದವನ್ನು ಹೊರಕ್ಕೆ ತಿರುಗಿಸಿದೆ. ಎಡಗಾಲು ತಕ್ಕಮಟ್ಟಿಗೆ ತಿರುಗಿತು. ಬಲಗಾಲು ಬೀಗ ಹಾಕಿದಂತೆ ನಿಂತಿತು, ಅವರು ತೊಡೆಸಂದಿ ಹಿಡಿದುಕೊಂಡು "ಅಯ್ಯೋ ಅಮ್ಮಾ" ಅಂದರು. ಸೊಂಟದ ಕೀಲಿನ ನರವೇ ಮಂಡಿಗೂ ಹೋಗುವುದರಿಂದ ನೋವು ಹೀಗೆ ಕೆಳಗಿಳಿದು ಮೋಸ ಮಾಡುತ್ತದೆ.

"ಕಾಲುಗುರು ತೆಗೆಯೋಕೆ ಆಗ್ತದಾ?"

"ಹೆಂಡ್ತಿ ತೆಗೀತಾಳೆ ಮೇಡಂ, ಐದಾರು ತಿಂಗಳಾಯ್ತು."

ಚರ್ಮದ ಕಾಯಿಲೆಗೆಂದು ಎರಡು ವರ್ಷ ಸ್ಟೀರಾಯ್ಡ್ ಗುಳಿಗೆ ನುಂಗಿದ್ದರು. ಅದೇ ದಿನ ಮೂಳೆ ವೈದ್ಯರ ಬಳಿ ಕಳಿಸಿದೆ. ಎಂಆರ್‌ಐಯಲ್ಲಿ ಎರಡೂ ಕಡೆಯ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ತಪ್ಪಿ ಮೂಳೆ ಸಾಯುತ್ತಿದ್ದುದು ಕಂಡಿತು. ವೈದ್ಯರು ಎವಿಎನ್ ಅನ್ನುವುದು ಇದನ್ನೇ. ದೀರ್ಘಕಾಲದ ಸ್ಟೀರಾಯ್ಡ್ ಮತ್ತು ವಿಪರೀತ ಕುಡಿತ ಇದರ ಮುಖ್ಯ ಕಾರಣಗಳು. ಆರಂಭದಲ್ಲಿ ಎಕ್ಸ್‌ರೇಗೆ ಸಿಗದಿರಬಹುದು. ಎಡಗಡೆ ಇನ್ನೂ ಕುಸಿದಿರಲಿಲ್ಲ, ಮೂಳೆಗೆ ತೂತು ಕೊರೆದು ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಸಾಕಾಯಿತು. ಬಲಗಡೆಗೆ ಕೀಲನ್ನೇ ಬದಲಿಸಬೇಕಾಯಿತು.

ನಮ್ಮ ಸೀಮೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ? ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಾಗಿ ಊರಿನ ಹೆಸರನ್ನೇ ಹೊತ್ತ ಕಾಯಿಲೆ ಸೊಂಟದ ಕೀಲನ್ನೇ ಹಿಡಿಯುತ್ತದೆ. ಅದು ವಂಶಪಾರಂಪರ್ಯ.

ಮಕ್ಕಳ ವಿಷಯದಲ್ಲಿ ನಾನು ಕಾಯುವುದೇ ಇಲ್ಲ. ಐದಾರು ವರ್ಷದ ಹುಡುಗ ಕುಂಟುತ್ತಿದ್ದರೆ, ಹನ್ನೆರಡು ಹದಿಮೂರರ ದಪ್ಪ ಮೈಯವನು ಮಂಡಿ ನೋವು ಅಂದರೆ, ಸೊಂಟದ ಕೀಲು ನೋಡಿಸಲೇಬೇಕು. ಜ್ವರದ ಜೊತೆ ಕಾಲೂರಲು ಆಗದಿದ್ದರೆ ಕೀಲಲ್ಲಿ ಕೀವು ತುಂಬಿರಬಹುದು, ಅದು ಆ ರಾತ್ರಿಯೇ ಆಸ್ಪತ್ರೆ ಸೇರಬೇಕಾದ ಕಾಯಿಲೆ, ದೊಡ್ಡವರಲ್ಲೂ ಅಷ್ಟೇ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಣ್ಣೆ ತಿಕ್ಕಬೇಡಿ, ನಾಟಿ ಕಟ್ಟೂ ಬೇಡ. ತೊಡೆಮೂಳೆಯ ಕುತ್ತಿಗೆ ಮುರಿದಿರುತ್ತದೆ, ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾದರೆ ಒಳ್ಳೆಯದು. ಮಲಗಿದ್ದಾಗಲೂ ಬಿಡದ ನೋವು, ಜೊತೆಗೆ ತೂಕ ಇಳಿಯುವುದು ಕಂಡರೆ ವ್ಯಾಯಾಮ ಹೇಳಿಕೊಡಲು ನಾನು ಒಪ್ಪುವುದಿಲ್ಲ. ಮೊದಲು ಪರೀಕ್ಷೆ.

ಕೊನೆ ಕೊಯ್ಯುವವರು ಶಸ್ತ್ರಚಿಕಿತ್ಸೆ ಮುಗಿಸಿ ಬಂದ ದಿನ ಕೋಲು ಬಲಗೈಯಲ್ಲಿತ್ತು. ಎಲ್ಲರೂ ಮಾಡುವ ತಪ್ಪು. ಬಲಗಾಲಿಗೆ ಆಸರೆ ಬೇಕಾದರೆ ಕೋಲು ಎಡಗೈಯಲ್ಲಿರಬೇಕು, ಆಗಲೇ ಕೀಲಿನ ಭಾರ ಇಳಿಯುವುದು. ಕೈ ಬದಲಿಸಿ ಕೋಣೆಯ ಉದ್ದಕ್ಕೂ ನಡೆದು, "ಇಷ್ಟು ಹಗುರಾನಾ?" ಎಂದು ಮತ್ತೊಂದು ಸುತ್ತು ಹಾಕಿದರು. ಈಗ ಅವರು ಮರ ಹತ್ತುವುದಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ.