ಪಂಪಿನ ಭಾಗ ಪಾರ್ಸೆಲ್ ಮಾಡುವವರಿಗೆ

ಅಡಿಕೆಗೆ ಮದ್ದು ಬಿಡುವ ಪಂಪಿನ ಸಿಲಿಂಡರ್‌ನಂಥ ಭಾರದ ಭಾಗವನ್ನು ಬದಿಯಡ್ಕದಿಂದ ರಿಪೇರಿಗೆ ಕಳಿಸುವಾಗ, ರಟ್ಟಿನ ಪೆಟ್ಟಿಗೆಯ ತಳಕ್ಕೆ ಸರಿಯಾಗಿ ಕೂರುವ ಪ್ಲೈವುಡ್ ತುಂಡಿಗೆ ಹಳೆ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಕಟ್ಟಿ. ಪೇಪರ್, ಥರ್ಮಾಕೋಲ್ ತುಂಬಿದರೆ ಸಾಲದು. ಎರಡು ಸಲ ಎತ್ತಿ ಹಾಕಿದಾಗ ಅದು ಪುಡಿಯಾಗುತ್ತದೆ, ಕಬ್ಬಿಣ ಒಳಗೆ ಓಡಾಡಿ ಪೆಟ್ಟಿಗೆಯ ಮೂಲೆ ಹರಿದು ಹೊರಗೆ ಇಣುಕುತ್ತದೆ. ಹಲಗೆಗೆ ಕಟ್ಟಿದ್ದು ಅಲುಗಾಡುವುದಿಲ್ಲ. ಮೊದಲು ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿ, ನಮ್ಮದು ಮಳೆ ಜಾಸ್ತಿ ಅಲ್ವಾ. ವಿಮೆಗೆ ಬಿಲ್ಲಿನ ಬೆಲೆಯನ್ನೇ ಬರೆಸಿ, ಮುಚ್ಚುವ ಮುಂಚೆ ಒಂದು ಫೋಟೋ ತೆಗೆದಿಡಿ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಉಳಿದಿದ್ದರೆ ಮಾತ್ರ ಕಟ್ಟಿದ್ದೆಲ್ಲ ದಂಡ, ವಾಸನೆಗೇ ವಾಪಸ್ ಬರುತ್ತದೆ. ಕೋವಿಯ ಭಾಗಕ್ಕಂತೂ ಈ ದಾರಿ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ, ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೇ ಕೇಳಿ.