ಕೊಲೆ ನಡೆದ ಮನೆಗೆ ಪೊಲೀಸರು ಬಂದ ಮೇಲೆ

ಮನೆಯೊಳಗೆ ಹೆಣ ಬಿದ್ದಿದೆ ಅಂತ ಗೊತ್ತಾದರೆ ಇಡೀ ಬೀದಿಯೇ ಅಲ್ಲಿ ಸೇರುತ್ತದೆ. ಒಬ್ಬರು ಮೈಮೇಲೆ ಬಟ್ಟೆ ಹೊದಿಸುತ್ತಾರೆ. ಇನ್ನೊಬ್ಬರು ಬಿದ್ದ ಚಾಕು ಎತ್ತಿ ಪಕ್ಕಕ್ಕಿಡುತ್ತಾರೆ. ಯಾರದ್ದೂ ಕೆಟ್ಟ ಉದ್ದೇಶವಲ್ಲ. ಆದರೆ ತನಿಖೆಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಉಸಿರಿದ್ದರೆ ಜೀವ ಉಳಿಸುವುದೇ ಮೊದಲು. ಇಲ್ಲವಾದರೆ ಏನನ್ನೂ ಮುಟ್ಟದೆ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ, ಬೇರೆಯವರನ್ನೂ ಒಳಗೆ ಬಿಡಬೇಡಿ.

ಮೊದಲು ಎಫ್‌ಐಆರ್

ಕೊಲೆ ಅಂತ ಮೇಲ್ನೋಟಕ್ಕೇ ಗೊತ್ತಾದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂನಡಿ ಎಫ್‌ಐಆರ್ ಆಗುತ್ತದೆ. 2024ರ ಜುಲೈ 1ಕ್ಕೆ ಮೊದಲು ಇದೇ ಹಳೆಯ ಐಪಿಸಿಯ 302ನೇ ಕಲಂ ಆಗಿತ್ತು. ಸಾವಿನ ಕಾರಣ ಗೊತ್ತಿಲ್ಲದಿದ್ದರೆ ಯುಡಿಆರ್, ಅಂದರೆ ಅಸಹಜ ಸಾವು ಅಂತ ದಾಖಲಿಸಿ, ಶವಪರೀಕ್ಷೆಯಲ್ಲಿ ಕೊಲೆ ಅಂತ ಕಂಡುಬಂದ ಮೇಲೆ ಎಫ್‌ಐಆರ್ ಮಾಡುತ್ತಾರೆ.

ಸ್ಥಳ ಮಹಜರು

ಕೊಲೆ ನಡೆದ ಜಾಗವನ್ನು ಪಂಚರು, ಅಂದರೆ ಸ್ಥಳದಲ್ಲಿ ನಿಂತು ನೋಡುವ ಸಾಕ್ಷಿಗಳ ಮುಂದೆ ಪರಿಶೀಲಿಸಿ ಬರೆದಿಡುವುದೇ ಮಹಜರು. ನನ್ನ ಪ್ರಕಾರ ಕೇಸು ಗೆಲ್ಲುವುದೂ ಸೋಲುವುದೂ ಜಾಸ್ತಿ ಇಲ್ಲೇ. ಪೊಲೀಸರು ಟೇಪು ಕಟ್ಟಿ, ಮೊದಲು ಫೋಟೊ, ವಿಡಿಯೊ ತೆಗೆಯುತ್ತಾರೆ. ಆಮೇಲೆ ನಕ್ಷೆ ಬರೆಯುತ್ತಾರೆ. ಬೆರಳಚ್ಚು ತಜ್ಞರು, ಶ್ವಾನದಳ, ವಿಧಿವಿಜ್ಞಾನದವರು ಬರುತ್ತಾರೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಅನ್ನುತ್ತದೆ ಹೊಸ ಕಾನೂನು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದೆ.

ಅಂಗಳದಲ್ಲಿ ರಕ್ತ ಚೆಲ್ಲಿದೆ ಅಂದುಕೊಳ್ಳಿ. ರಕ್ತಸಿಕ್ತ ಮಣ್ಣನ್ನು ಒಂದು ಡಬ್ಬಿಗೆ ಹಾಕುತ್ತಾರೆ. ಸ್ವಲ್ಪ ಆಚೆಯಿಂದ ರಕ್ತ ತಾಗದ ಮಣ್ಣನ್ನು ಇನ್ನೊಂದಕ್ಕೆ ಹಾಕುತ್ತಾರೆ. ಮಹಜರಿನಲ್ಲಿ ಇದು 'ಮಾದರಿ ಮಣ್ಣು'. ಲ್ಯಾಬಿನಲ್ಲಿ ಎರಡನ್ನೂ ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದು. ರಕ್ತದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಪ್ರತಿ ಕವರಿಗೂ ಅರಗಿನ ಸೀಲು, ಅದರ ಮೇಲೆ ಪಂಚರ ಸಹಿಯ ಚೀಟಿ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್ ತಲುಪುವ ತನಕ ಅದು ಯಾರ್‍ಯಾರ ಕೈ ದಾಟಿತು ಅಂತ ದಾಖಲೆ ಇರಬೇಕು. ಒಂದು ಕೊಂಡಿ ತಪ್ಪಿದರೂ ಆರೋಪಿ ಪರ ವಕೀಲರು ಬಿಡುವುದಿಲ್ಲ, ಬಿಡಲೂಬಾರದು ಅಲ್ವಾ?

ಪಂಚರು ಅಂದರೆ ನಿಮ್ಮ ನಮ್ಮಂಥವರೇ. 'ಕೋರ್ಟು ಅಲೆಯೋದು ಯಾರಿಗೆ ಬೇಕು' ಅಂತ ಹಿಂದೆ ಸರಿಯುವವರು ಬಹಳ. ಓದದೆ ಸುಮ್ನೆ ಸಹಿ ಹಾಕುವವರೂ ಇದ್ದಾರೆ. ದಯವಿಟ್ಟು ನಿಂತು ನೋಡಿ, ಓದಿ, ಆಮೇಲೆ ಸಹಿ ಮಾಡಿ. ವರ್ಷಗಳ ನಂತರ ಕಟಕಟೆಯಲ್ಲಿ ನಿಂತಾಗ ನೆನಪಿಗೆ ಬರುವುದು ಕಣ್ಣಾರೆ ಕಂಡದ್ದು ಮಾತ್ರ.

ಶವ ಹೇಳುವುದು

ಶವ ಪಂಚನಾಮೆ, ಅಂದರೆ ಪಂಚರ ಮುಂದೆ ದೇಹದ ಸ್ಥಿತಿ, ಗಾಯಗಳನ್ನು ಬರೆದಿಡುವುದನ್ನು ಮುಗಿಸಿ ದೇಹವನ್ನು ಶವಾಗಾರಕ್ಕೆ ಕಳಿಸುತ್ತಾರೆ. ಸತ್ತ ಕೆಲವು ಗಂಟೆಯಲ್ಲಿ ದವಡೆ, ಕತ್ತು ಮೊದಲು ಸೆಟೆಯುತ್ತವೆ, ಆಮೇಲೆ ಕೈಕಾಲು. ಸೆಕೆಯಿದ್ದರೆ ಇದೆಲ್ಲ ಬೇಗ. ಹಾಗಾಗಿ ಸಾವಿನ ಸಮಯವನ್ನು ವೈದ್ಯರು ಇಷ್ಟರಿಂದ ಇಷ್ಟು ಗಂಟೆಯೊಳಗೆ ಅಂತಲೇ ಹೇಳುವುದು. ವಿಷದ ಅನುಮಾನವಿದ್ದರೆ ಒಳಾಂಗಗಳ ಭಾಗ ಲ್ಯಾಬಿಗೆ ಹೋಗುತ್ತದೆ.

ಸಾಕ್ಷಿ, ಫೋನು, ಕ್ಯಾಮೆರಾ

ಕೊನೆಗೆ ಕಂಡವರು ಯಾರು, ಜಗಳ ಯಾರ ಜೊತೆ, ದುಡ್ಡಿನ ವ್ಯವಹಾರ ಏನು ಅಂತ ವಿಚಾರಿಸುತ್ತಾರೆ. ಕರೆ ವಿವರ, ಟವರ್ ಲೊಕೇಶನ್ ತರಿಸುತ್ತಾರೆ. ಸಿಸಿಟಿವಿಗೆ ಓಡಬೇಕು, ಏಕೆಂದರೆ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆಯೂ ಕೊಡಿಸಬಹುದು.

ಬಂಧನದ ನಂತರ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದಕ್ಕೆ ಸೇರುವುದಿಲ್ಲ. 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಅಂತ ಪತ್ರಿಕೆಯಲ್ಲಿ ಬಂದರೆ ಓದುಗರು ಕೇಸು ಮುಗಿಯಿತು ಅಂದುಕೊಳ್ಳುತ್ತಾರೆ. ಪೊಲೀಸರ ಮುಂದೆ ಒಪ್ಪಿದ್ದನ್ನು ಆತನ ವಿರುದ್ಧ ಸಾಬೀತುಪಡಿಸಲು ಕಾನೂನು ಬಿಡುವುದಿಲ್ಲ. ಹೊಡೆದು ಬಡಿದು ಒಪ್ಪಿಸಿದ್ದಿರಬಹುದಲ್ಲ! ಆದರೆ 'ಮಚ್ಚನ್ನು ತೋಟದ ಬಾವಿಗೆ ಎಸೆದೆ' ಅಂದು, ಅಲ್ಲಿಗೆ ಕರೆದೊಯ್ದು ತೋರಿಸಿ, ಮಚ್ಚು ಸಿಕ್ಕಿದರೆ, ಅದನ್ನು ಪತ್ತೆ ಮಾಡಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ.

ಕೊಲೆ ಆರೋಪಿ ಕಸ್ಟಡಿಯಲ್ಲಿದ್ದರೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ತಪ್ಪಿದರೆ ಆತ ಜಾಮೀನು ಕೇಳಿ ಪಡೆಯಬಹುದು. ಸತ್ತವರ ಮನೆಯವರಿಗೂ ಒಂದು ಹಕ್ಕಿದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ಅವರಿಗೆ ತಿಳಿಸಬೇಕು, ಎಫ್‌ಐಆರ್ ಪ್ರತಿಯನ್ನು ಬಿಟ್ಟಿ ಕೊಡಬೇಕು. ದುಃಖದಲ್ಲಿ ಇದನ್ನು ಕೇಳುವ ತ್ರಾಣ ಮನೆಯವರಿಗೆ ಇರುವುದಿಲ್ಲ. ನೆಂಟರಲ್ಲಿ ಯಾರಾದರೂ ಒಬ್ಬರು ಠಾಣೆಗೆ ಹೋಗಿ ಕೇಳಲಿ.