ಹಳೇ ಸೀರೆಯ ಕೌದಿ: ಸುಕ್ಕು ಬರದಂತೆ ಹೊಲಿಯುವುದು ಹೀಗೆ

ಮೈಸೂರಿನ ನಮ್ಮ ಮನೆಗೆ ಕೌದಿ ಕಲಿಯಲು ಬರುವವರಲ್ಲಿ ಹೆಚ್ಚಿನವರಿಗೆ ಹೊಲಿಗೆ ಚೆನ್ನಾಗಿಯೇ ಬರುತ್ತದೆ. ರವಿಕೆ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ. ಆದರೂ ಮೊದಲ ಕೌದಿ ಮುಗಿಸಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಹೊಲಿದುಹೋಗಿರುತ್ತದೆ. ವಾರಗಟ್ಟಲೆ ಕೂತು ಹಾಕಿದ ಕೈಹೊಲಿಗೆ. ಬಿಚ್ಚಲು ಮನಸ್ಸು ಬರುವುದಿಲ್ಲ, ಹಾಗೇ ಬಿಟ್ಟರೆ ಕಣ್ಣಿಗೆ ಚುಚ್ಚುತ್ತದೆ.

ಹೊಲಿಗೆ ಬರದೆ ಹೀಗಾಗುವುದಲ್ಲ. ಪದರಗಳನ್ನು ನೆಲದ ಮೇಲೆ ಹಾಸಿ ಕಚ್ಚಾ ಹೊಲಿಗೆ, ಅಂದರೆ ಪದರ ಜರುಗದಂತೆ ಹಾಕಿ ಕೊನೆಗೆ ಬಿಚ್ಚುವ ಹೊಲಿಗೆ, ಹಾಕುವುದು ಅರ್ಧ ದಿನದ ಕೆಲಸ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿರುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಒಬ್ಬರು ಹೊದೆಯುವ ಕೌದಿ, ಸುಮಾರು 66 ಇಂಚು ಅಗಲ, 84 ಇಂಚು ಉದ್ದ, ಮೂರು ಪದರ. ಡಿಸೆಂಬರ್, ಜನವರಿಯ ಮೈಸೂರಿನ ಚಳಿಗೆ ಇಷ್ಟು ಸಾಕು.

ಹಂತ 1: ಬಟ್ಟೆ ಆರಿಸಿ

ಹಳೆಯ ಕಾಟನ್ ಸೀರೆ ಎರಡು ಬೇಕು. ಮೇಲಿನ ತೇಪೆಗೆ ಇನ್ನಷ್ಟು ತುಂಡು ಬಟ್ಟೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಜಾಳಾಗಿದೆ ಅಂತ ತಕ್ಷಣ ಕಾಣುತ್ತದೆ. ಅನುಮಾನ ಬಂದ ಕಡೆ ಎರಡು ಹೆಬ್ಬೆರಳಿನಲ್ಲಿ ಹಿಡಿದು ಎಳೆಯಿರಿ. ಪರ್ ಎಂದರೆ ಆ ಭಾಗ ಬೇಡ. ಪಾದದ ಹತ್ತಿರದ ಅಂಚು ಸಾಮಾನ್ಯವಾಗಿ ಸವೆದಿರುತ್ತದೆ. ಒಳಗೆ ಸಿಕ್ಕಿಸಿಕೊಳ್ಳುವ ತುದಿ ಗಟ್ಟಿಯಾಗಿರುತ್ತದೆ.

ಫಾಲ್ಸ್ ಬಿಚ್ಚಿ, ಜರಿ ಅಂಚು ಕತ್ತರಿಸಿ ತೆಗೆಯಿರಿ. ಜರಿ ಮೈಗೆ ಚುಚ್ಚುತ್ತದೆ. ಗಂಜಿ ಹಾಕಿದ ಸೀರೆಯಾದರೆ ಪೂರ್ತಿ ಹೋಗುವ ತನಕ ಒಗೆಯಿರಿ. ಗಂಜಿ ಉಳಿದರೆ ಬೀರುವಿನಲ್ಲಿ ಹುಳ ಹಿಡಿಯುತ್ತದೆ. ಮೈಸೂರು ಸಿಲ್ಕ್ ಸೀರೆ ಇದೆ, ಹಾಕಲಾ ಎಂದು ಕೇಳುತ್ತಾರೆ. ದಯವಿಟ್ಟು ಬೇಡ. ಅದು ಕಾಟನ್ ಮೇಲೆ ನಿಲ್ಲದೆ ಜಾರುತ್ತದೆ. ಜಾರ್ಜೆಟ್, ಪಾಲಿಯೆಸ್ಟರ್ ಕೂಡ ಹಾಗೆಯೇ.

ಟೈಲರ್ ಅಂಗಡಿಯವರನ್ನು ಕೇಳಿದರೆ ತುಂಡು ಬಟ್ಟೆ ಚೀಲಗಟ್ಟಲೆ ಕೊಡುತ್ತಾರೆ. ಆದರೆ ಅದರಲ್ಲಿ ಎಲ್ಲ ಬಗೆಯದೂ ಸೇರಿರುತ್ತದೆ. ಒಂದು ಎಳೆ ತೆಗೆದು ಬೆಂಕಿಕಡ್ಡಿ ತೋರಿಸಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಕಾಟನ್ ಸಿಕ್ಕರೆ ಬಿಸಿನೀರಿನಲ್ಲಿ ನೆನೆಸಿ ಒಗೆದು ಆಮೇಲೆ ಬಳಸಿ. ಹಳೇ ಸೀರೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಗಿರುತ್ತದೆ, ಹೊಸದು ಇನ್ನೂ ಕುಗ್ಗಬೇಕು. ಎರಡನ್ನೂ ಹಾಗೇ ಸೇರಿಸಿದರೆ ಮೊದಲ ಒಗೆತಕ್ಕೇ ಕೌದಿ ಸೊಟ್ಟಗಾಗುತ್ತದೆ. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಪಕ್ಕಕ್ಕಿಡಿ.

ಹಂತ 2: ಕತ್ತರಿಸಿ

ಐದೂವರೆ ಮೀಟರ್ ಸೀರೆಯಲ್ಲಿ 70 ಇಂಚಿನ ಮೂರು ತುಂಡು ಬರುತ್ತವೆ. ಎರಡು ಸೀರೆಗೆ ಆರು. ಸೀರೆಯ ಅಗಲ ಸುಮಾರು 46 ಇಂಚು ಇರುವುದರಿಂದ ಎರಡು ತುಂಡನ್ನು ಪಕ್ಕಪಕ್ಕ ಜೋಡಿಸಿದರೆ 70ಕ್ಕೆ 90 ಇಂಚಿನ ಹಿಂಬದಿ ಸಿಗುತ್ತದೆ. ಇನ್ನೆರಡು ಒಳಪದರಕ್ಕೆ. ಉಳಿದ ಎರಡನ್ನು ತೇಪೆಗೆ ಕತ್ತರಿಸಿ.

ಒಳಪದರಕ್ಕೆ ಒಂದು ಕಿವಿಮಾತು. ಹಿಂಬದಿಯ ಜೋಡಣೆ ಸರಿಯಾಗಿ ನಡುವೆ ಬರುತ್ತದೆ. ಒಳಪದರದ ಜೋಡಣೆಯೂ ಅಲ್ಲೇ ಬಂದರೆ ಹಗ್ಗದ ಹಾಗೆ ಏಣು ಏಳುತ್ತದೆ, ಸೂಜಿಯೂ ಇಳಿಯುವುದಿಲ್ಲ. ಅದಕ್ಕೆ ಒಳಪದರದಲ್ಲಿ ಒಂದು ತುಂಡನ್ನು ಇಡಿಯಾಗಿ ನಡುವೆ ಹಾಕಿ. ಇನ್ನೊಂದನ್ನು ಉದ್ದಕ್ಕೆ ಸೀಳಿ ಆಚೆ ಈಚೆ ಜೋಡಿಸಿ.

ತೇಪೆಗಳು ಆರೂವರೆ ಇಂಚಿನ ಚೌಕ. ರಟ್ಟಿನ ಅಚ್ಚು ಮಾಡಿಕೊಂಡು, ಸವೆದ ಸೋಪಿನ ಚೂರಿನಿಂದ ಗುರುತು ಹಾಕಿ. ಒಂದು ಸಾಲಿಗೆ 11, ಒಟ್ಟು 14 ಸಾಲು, ಅಂದರೆ 154 ಚೌಕ ಬೇಕು.

ಹಂತ 3: ತೇಪೆ ಜೋಡಿಸಿ

ಕಾಲು ಇಂಚು ಬಿಟ್ಟು ಮೆಷಿನ್ನಿನಲ್ಲಿ ಸಾಲು ಸಾಲಾಗಿ ಹೊಲಿದು, ಸಾಲುಗಳನ್ನು ಸೇರಿಸಿ, ಇಸ್ತ್ರಿ ಮಾಡಿ. ಬಣ್ಣ ನಿಮ್ಮಿಷ್ಟ.

ಹಂತ 4: ಹಾಸಿ, ಕಚ್ಚಾ ಹೊಲಿಗೆ ಹಾಕಿ

ಇಲ್ಲಿಂದ ನಿಧಾನ. ಒಂದು ಪೂರ್ತಿ ಬೆಳಿಗ್ಗೆ ಇದಕ್ಕೆ ಇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಜೊತೆಗೆ ಕರೆಯಿರಿ.

ಹಾಸುವುದು ಗಟ್ಟಿ ನೆಲದ ಮೇಲೆ. ಮಂಚ ಬೇಡ, ಹಾಸಿಗೆ ಬೇಡ, ಚಾಪೆಯೂ ಬೇಡ. ಮೆತ್ತಗಿನ ಜಾಗದಲ್ಲಿ ಬಟ್ಟೆ ಕುಳಿ ಬೀಳುತ್ತದೆ, ಅದು ನಿಮಗೆ ಗೊತ್ತೂ ಆಗುವುದಿಲ್ಲ. ನೆಲ ಗುಡಿಸಿ ಒರೆಸಿ ಪೂರ್ತಿ ಒಣಗಲು ಬಿಡಿ. ಫ್ಯಾನ್ ಆಫ್ ಮಾಡಿ. ಈ ಒಂದು ಮಾತನ್ನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಗಾಳಿಗೆ ಮೇಲಿನ ಪದರ ಒಂದು ಕೂದಲೆಳೆಯಷ್ಟು ಎದ್ದು ಕೂತರೂ ಕೆಳಗೆ ಸುಕ್ಕು ಸೇರಿಕೊಳ್ಳುತ್ತದೆ.

ಮೊದಲು ಹಿಂಬದಿ, ಒಳ್ಳೆಯ ಮುಖ ಕೆಳಗೆ. ನಾಲ್ಕು ಬದಿಯ ನಡುಭಾಗಕ್ಕೆ ಟೇಪು ಅಂಟಿಸಿ, ಆಮೇಲೆ ಮೂಲೆಗಳಿಗೆ. ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪು ಸಾಕು, ನೆಲದಿಂದ ಸುಲಭವಾಗಿ ಏಳುತ್ತದೆ. ಬಟ್ಟೆ ಸಪಾಟಾಗಿ ಮಲಗಿರಬೇಕು, ಬಿಗಿದು ಎಳೆದಿರಬಾರದು. ಬಿಗಿಯಾಗಿ ಎಳೆದು ಅಂಟಿಸಿದರೆ ಟೇಪು ಬಿಚ್ಚಿದ ಕೂಡಲೇ ಹಿಂಬದಿ ತನ್ನ ಅಳತೆಗೆ ವಾಪಸ್ ಹೋಗುತ್ತದೆ, ಮೇಲಿನೆರಡು ಪದರ ಉಬ್ಬಿಕೊಳ್ಳುತ್ತವೆ. ಅಂಗೈಯಿಂದ ಸವರಿದಾಗ ಬಟ್ಟೆ ಮುಂದಕ್ಕೆ ಹರಿಯಬಾರದು, ಕೈಗೆ ಬಿಗಿಯೂ ತಾಗಬಾರದು. ಅಷ್ಟಿದ್ದರೆ ಸರಿ.

ಒಳಪದರವನ್ನು ಅರ್ಧಕ್ಕೆ ಮಡಿಸಿ ತನ್ನಿ. ಹಿಂಬದಿಯ ನಡುಗೆರೆಗೆ ಆ ಮಡಿಕೆಯನ್ನು ಸರಿಯಾಗಿ ಕೂರಿಸಿ, ಒಂದು ಬದಿಯನ್ನು ಮೆಲ್ಲಗೆ ಬಿಡಿಸಿ. ಇಡಿಯಾಗಿ ಬೀಸಿ ಹಾಸಿದರೆ ಕೆಳಗೆ ಗಾಳಿ ಸೇರುತ್ತದೆ. ನಡುವಿನಿಂದ ಹೊರಗೆ ಅಂಗೈಯಿಂದ ಸವರುತ್ತಾ ಬನ್ನಿ. ಹೊರಗಿನಿಂದ ಒಳಕ್ಕೆ ಯಾವತ್ತೂ ಸವರಬೇಡಿ. ಆಮೇಲೆ ತೇಪೆಯ ಪದರ, ಮುಖ ಮೇಲೆ, ಇದೇ ಕ್ರಮದಲ್ಲಿ. ಹಿಂಬದಿ ನಾಲ್ಕೂ ಕಡೆ ಎರಡು ಮೂರು ಇಂಚು ಹೊರಗೆ ಕಾಣಬೇಕು. ಅದನ್ನು ಈಗ ಕತ್ತರಿಸಬೇಡಿ.

ಈಗ ಕಚ್ಚಾ ಹೊಲಿಗೆ. ಉದ್ದ ಸೂಜಿ, ಬಿಳಿ ದಾರ. ಬಣ್ಣದ ದಾರ ಎಳೆದು ತೆಗೆಯುವಾಗ ಗುರುತು ಬಿಡುತ್ತದೆ. ದಾರಕ್ಕೆ ಗಂಟು ಹಾಕಬೇಡಿ. ಉದ್ದ ದಾರ ತೆಗೆದುಕೊಂಡು ಕೌದಿಯ ನಟ್ಟ ನಡುವೆ ಶುರು ಮಾಡಿ, ಅರ್ಧ ದಾರವನ್ನು ಅಲ್ಲೇ ಬಿಟ್ಟು ಉಳಿದರ್ಧದಿಂದ ಒಂದು ಅಂಚಿನವರೆಗೆ ಹೊಲಿಯಿರಿ. ಆಮೇಲೆ ಬಿಟ್ಟಿದ್ದ ಅರ್ಧಕ್ಕೆ ಸೂಜಿ ಪೋಣಿಸಿ ಎದುರು ಅಂಚಿಗೆ ಹೋಗಿ. ಮೊದಲು ಉದ್ದಕ್ಕೆ ಒಂದು ಗೆರೆ, ಅಡ್ಡಕ್ಕೆ ಒಂದು. ಆಮೇಲೆ ಮೂಲೆಯಿಂದ ಮೂಲೆಗೆ ಎರಡು. ಇವು ನಾಲ್ಕು ಬಿದ್ದ ಮೇಲೆ ನಾಲ್ಕು ಇಂಚಿಗೊಂದು ಗೆರೆಯಂತೆ ಎರಡೂ ದಿಕ್ಕಿಗೆ ತುಂಬಿ. ಒಂದೊಂದು ಟಾಕು ಎರಡು ಇಂಚಿನವರೆಗೆ ಇರಬಹುದು.

ಸೂಜಿಯನ್ನು ನೆಲದಿಂದ ಎಬ್ಬಿಸುವುದು ಕಷ್ಟ. ಜನ ಎಡಗೈ ಕೆಳಗೆ ತೂರಿಸಿ ಬಟ್ಟೆ ಎತ್ತುತ್ತಾರೆ, ಅಲ್ಲೇ ಕೆಡುವುದು. ಕೈ ತೂರಿಸಿದ ಕಡೆಯೆಲ್ಲ ಕೆಳಪದರ ಜರುಗುತ್ತದೆ. ಅದರ ಬದಲು ಎಡಗೈಯಲ್ಲಿ ಒಂದು ಸ್ಟೀಲ್ ಚಮಚ ಹಿಡಿಯಿರಿ. ಸೂಜಿಯ ಮೊನೆ ಮೇಲೆ ಬರುವ ಜಾಗದಲ್ಲಿ ಚಮಚದ ಅಂಚನ್ನು ಒತ್ತಿಟ್ಟರೆ ಮೊನೆ ಅದರ ಮೇಲೇರಿ ತಾನೇ ಬರುತ್ತದೆ. ಬಟ್ಟೆ ಏಳುವುದೇ ಇಲ್ಲ. ಹಾಸಿದ ಬಟ್ಟೆಯ ಮೇಲೆ ಮಂಡಿಯೂರಿ ಕೂರುವುದೂ ಬೇಡ. 66 ಇಂಚು ಅಗಲದ ನಡುಭಾಗ ಅಂಚಿನಿಂದ 33 ಇಂಚು, ಬಗ್ಗಿದರೆ ಕೈಗೆ ಎಟುಕುತ್ತದೆ.

ಮಂಡ್ಯದಿಂದ ರೈಲಿನಲ್ಲಿ ಬರುವ ಒಬ್ಬ ಶಿಷ್ಯೆ ಮೊನ್ನೆ ಇದನ್ನೆಲ್ಲ ನೋಡಿ, “ಅಕ್ಕಾ, ಇಷ್ಟೊಂದು ದಾರ ಹಾಕಿ ಆಮೇಲೆ ಬಿಚ್ಚೋದಾ?” ಅಂದರು. ಹೌದು, ಪೂರ್ತಿ ಬಿಚ್ಚುವುದೇ. ಅವರು ತಂದಿದ್ದು ತಾಯಿಯ ಸೀರೆಗಳು, ಮತ್ತೆ ಸಿಗುವಂಥದ್ದಲ್ಲ. ಅಂಥ ಬಟ್ಟೆಗೆ ಒಂದು ಬೆಳಗಿನ ಹೊತ್ತು ಕೊಡಲೇಬೇಕು, ಅಲ್ವಾ?

ಸೇಫ್ಟಿ ಪಿನ್ ಹಾಕಬಹುದಾ ಎಂದರೆ, ಒಂದು ವಾರದಲ್ಲಿ ಮುಗಿಸುವ ಮಗುವಿನ ಕೌದಿಗೆ ಪರವಾಗಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿದು ಕಲೆ ಉಳಿಯುತ್ತದೆ. ಅಂಟಿನ ಸ್ಪ್ರೇ ತರಬೇಡಿ, ನೆಲವೂ ಅಂಟು, ಬಟ್ಟೆಯೂ ಅಂಟು. ಒಳಗೆ ಹಾಕಲು ಮಾರುವ ತೆಳು ಫೈಬರ್ ಶೀಟನ್ನೂ ನಾನು ಒಪ್ಪುವುದಿಲ್ಲ. ನಾಲ್ಕು ಸಲ ಒಗೆದರೆ ಮುದ್ದೆಯಾಗುತ್ತದೆ, ನಮ್ಮ ಬೇಸಿಗೆಗೆ ಸೆಖೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ಕ್ರಮವೇ ಬೇರೆ. ಅಂಚಿನಿಂದ ಶುರು ಮಾಡಿ, ತೇಪೆಗಳನ್ನು ಒಂದೊಂದಾಗಿ ಹೊಲಿದು ಕೂರಿಸುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನೋಡಲು ಬಲು ಚೆಂದ. ಆದರೆ ಹೊಲಿಯುತ್ತಲೇ ಬಟ್ಟೆಯನ್ನು ಸಪಾಟು ಮಾಡುವ ಆ ಕೈ ವರ್ಷಗಟ್ಟಲೆ ಪಳಗಿದ್ದು. ಹೊಸಬರು ಮೊದಲು ಕಚ್ಚಾ ಹೊಲಿಗೆಯ ದಾರಿಯಲ್ಲೇ ಹೋಗಿ.

ಟೇಪು ಬಿಚ್ಚಿದ ಮೇಲೆ ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿ. ಎಲ್ಲಾದರೂ ಚಿವುಟಿದರೆ ಮಡಿಕೆ ಕೈಗೆ ಬರುತ್ತದಾ? ಬಂದರೆ ಆ ಭಾಗದ ದಾರ ಮಾತ್ರ ಬಿಚ್ಚಿ ಮತ್ತೆ ಹಾಸಿ. ಹೊಲಿಯುತ್ತಾ ಸರಿಹೋಗುತ್ತೆ ಎಂದು ಬಿಡಬೇಡಿ. ಅದು ಸರಿಹೋಗುವುದಿಲ್ಲ.

ಹಂತ 5: ಕೈಹೊಲಿಗೆ

ಸೂಜಿಗೆ ಒಂದು ಮೊಳ ದಾರ ಸಾಕು. ಉದ್ದವಾದರೆ ಗಂಟು ಬಿದ್ದು, ಬಟ್ಟೆಗೆ ಉಜ್ಜಿ ಜಾಳಾಗುತ್ತದೆ. ಗಟ್ಟಿ ಕಾಟನ್ ದಾರ ತೆಗೆದುಕೊಳ್ಳಿ. ಕಡಿಮೆ ಬೆಲೆಗೆ ಸಿಗುವ, ಹೆಸರಿಲ್ಲದ ಉಂಡೆಗಳು ಬೇಡ. ಅಂಗಡಿಯಲ್ಲೇ ಒಂದು ಎಳೆ ಎಳೆದು ನೋಡಿ, ಸುಲಭವಾಗಿ ತುಂಡಾದರೆ ಅಲ್ಲೇ ಬಿಡಿ. ಗ್ರಂಥಿಗೆ ಅಂಗಡಿಯಿಂದ ಒಂದು ತುಂಡು ಜೇನುಮೇಣ ತಂದು, ದಾರವನ್ನು ಅದರ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಮಧ್ಯದ ಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳಿ.

ಇಲ್ಲೂ ನಡುವಿನಿಂದಲೇ ಶುರು, ಹೊರಗೆ ಸಾಗಿ. ಟಾಕು ಚಿಕ್ಕದಿರಲಿ, ಗೆರೆಯಿಂದ ಗೆರೆಗೆ ಎರಡು ಬೆರಳು ಅಂತರ. ನಾಲ್ಕೈದು ಟಾಕು ಸೂಜಿಗೆ ತುಂಬಿಕೊಂಡು ಎಳೆಯಿರಿ. ದಾರ ಬಟ್ಟೆಗೆ ತಾಗಿದರೆ ಸಾಕು, ಬಿಗಿದು ಎಳೆದರೆ ನೆರಿಗೆ ಬೀಳುತ್ತದೆ. ಗೆರೆ ಮುಗಿದಾಗಲೆಲ್ಲ ಬೆರಳಿನಿಂದ ಸವರಿ. ಟಾಕು ಒಂದೇ ಸಮ ಬರಲಿಲ್ಲ ಎಂದು ಕೊರಗಬೇಡಿ, ಒಂದೆರಡು ಒಗೆತದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೆಷಿನ್ನಿನಲ್ಲೇ ಹೊಲಿಯುತ್ತೇನೆ ಎನ್ನುವವರು ಒಂದು ತಿಳಿದಿರಬೇಕು. ಕೆಳಗಿನ ಹಲ್ಲು ಕೆಳಪದರವನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲ್ಪದರವನ್ನು ತಡೆಯುತ್ತದೆ. ಹಾಗಾಗಿ ಮೇಲಿನದು ಮುಂದೆ ಮುಂದೆ ಸರಿದು ಅಂಚಿನಲ್ಲಿ ಉಬ್ಬು ಸೇರುತ್ತದೆ. ಮೇಲಿನ ಪದರವನ್ನೂ ಜೊತೆಗೇ ಸಾಗಿಸುವ ವಾಕಿಂಗ್ ಫೂಟ್ ಎಂಬ ಪಾದ ಹಾಕಿ, 16ನೇ ನಂಬರ್ ಸೂಜಿ ಬಳಸಿ, ನಿಧಾನ ತುಳಿಯಿರಿ. ನನ್ನ ಮಟ್ಟಿಗೆ ಕೌದಿ ಎಂದರೆ ಕೈಹೊಲಿಗೆ. ಬೆಳಗಿನ ಕೆಲಸ ಮುಗಿಸಿ ಸ್ವಲ್ಪ, ಮಧ್ಯಾಹ್ನ ತರಗತಿಯಲ್ಲಿ ಬೇರೆಯವರ ಹೊಲಿಗೆ ನೋಡುತ್ತಾ ಸ್ವಲ್ಪ, ರಾತ್ರಿ ಊಟವಾದ ಮೇಲೆ ಸ್ವಲ್ಪ. ಹೀಗೆಯೇ ನಮ್ಮ ಮನೆಯಲ್ಲಿ ಕೌದಿಗಳು ಮುಗಿಯುವುದು. ಕಚ್ಚಾ ಹೊಲಿಗೆ ಸರಿಯಿದ್ದರೆ ಯಾವಾಗ ಬಿಟ್ಟು ಯಾವಾಗ ಹಿಡಿದರೂ ಬಟ್ಟೆ ಜರುಗುವುದಿಲ್ಲ.

ಹಂತ 6: ಅಂಚು

ಒಳಪದರವನ್ನು ತೇಪೆಯ ಅಳತೆಗೆ ಕತ್ತರಿಸಿ. ಹೊರಗೆ ಉಳಿದ ಹಿಂಬದಿಯನ್ನು ಒಂದೂವರೆ ಇಂಚಿಗೆ ಸಮ ಮಾಡಿ, ಎರಡು ಸಲ ಮಡಿಸಿ ಮುಂದಕ್ಕೆ ತಂದು ಹೆಮ್ಮಿಂಗ್ ಮಾಡಿ. ಬೇರೆ ಪಟ್ಟಿ ಕೊಳ್ಳುವ ಅಗತ್ಯವಿಲ್ಲ. ಮೂಲೆಗಳಿಗೆ ಹೆಚ್ಚಿನ ಟಾಕು ಹಾಕಿ, ಎಳೆದಾಟ ಅಲ್ಲೇ ಜಾಸ್ತಿ. ಇಷ್ಟಾದ ಮೇಲೆ ಮಾತ್ರ ಕಚ್ಚಾ ದಾರ ತೆಗೆಯಿರಿ.

ಒಗೆತ ಮತ್ತು ಹಂಚಿಕೆ

ಮೊದಲ ಸಲ ತಣ್ಣೀರಿನಲ್ಲಿ, ಸೋಪಿನ ಪುಡಿ ಕಡಿಮೆ ಹಾಕಿ ಒಗೆಯಿರಿ, ಹಿಂಡಬೇಡಿ. ಒದ್ದೆ ಕೌದಿ ಬಹಳ ಭಾರ. ಒಂದೇ ಹಗ್ಗದ ಮೇಲೆ ಹಾಕಿದರೆ ನಡುವೆ ಜಗ್ಗಿ ಹೊಲಿಗೆ ಕಿತ್ತುಬರುತ್ತದೆ. ಎರಡು ಹಗ್ಗದ ಮೇಲೆ ಹರಡಿ, ಇಲ್ಲವೇ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಅದರ ಮೇಲೆ ಒಣಗಿಸಿ.

ಮೊದಲ ಪ್ರಯತ್ನವಾದರೆ 36ಕ್ಕೆ 36 ಇಂಚಿನ ತೊಟ್ಟಿಲು ಕೌದಿ ಮಾಡಿ. ನಾನು ಹೊಸಬರಿಗೆಲ್ಲ ಅದನ್ನೇ ಮೊದಲು ಕೊಡುತ್ತೇನೆ. ಬೀದಿಯಲ್ಲಿ, ನೆಂಟರಲ್ಲಿ ಯಾರ ಮನೆಯಲ್ಲಾದರೂ ಮಗು ಹುಟ್ಟಿಯೇ ಇರುತ್ತದೆ. ಮಗುವಿನದಕ್ಕೆ ಗುಂಡಿ, ಕನ್ನಡಿ ಚೂರು, ಲೇಸು ಯಾವುದನ್ನೂ ಹಚ್ಚಬೇಡಿ. ಯಾರಿಗೇ ಕೊಡುವಾಗಲೂ ಎರಡು ತುಂಡು ಅದೇ ಬಟ್ಟೆ, ಒಂದು ಸುತ್ತು ಅದೇ ದಾರ ಜೊತೆಗಿಟ್ಟು ಕೊಡಿ. ಮುಂದೆ ಎಲ್ಲಾದರೂ ಹರಿದರೆ ಅವರೇ ತೇಪೆ ಹಾಕಿಕೊಳ್ಳುತ್ತಾರೆ.